ಹುಳ ಎಣಿಸಿದವಳು

ನಮ್ಮ ಮನೆಯಲ್ಲಿ ಜೀವವಿರುವ ಯಾವುದನ್ನೂ ಎಣಿಸುವಂತಿರಲಿಲ್ಲ. ಅದು ಅವ್ವನ ಕಾನೂನು. ಅವ್ವ ಎಂದರೆ ನಮ್ಮಪ್ಪನ ತಾಯಿ. ಗೌನಿಪಲ್ಲಿ ಕಡೆ ಅರ್ಧ ತೆಲುಗು ಅರ್ಧ ಕನ್ನಡ ಆಡುವ ನಮ್ಮಂಥ ಮನೆಗಳಲ್ಲಿ ಅಜ್ಜಿಯನ್ನು ಕರೆಯುವುದೇ ಹಾಗೆ. ಕೊಟ್ಟಿಗೆಯಲ್ಲಿ ಎಷ್ಟು ದನ ಇವೆ ಎಂದು ಯಾರಾದರೂ ಕೇಳಿದರೆ ‘ಕಟ್ಟೋಕೆ ಹಗ್ಗ ಸಾಲದಷ್ಟು’ ಎನ್ನುತ್ತಿದ್ದಳು. ಮೊಮ್ಮಕ್ಕಳು ಎಷ್ಟು ಎಂದರೆ ‘ದೇವರು ಕೊಟ್ಟಷ್ಟು’. ಜನಗಣತಿಗೆ ಬಂದ ಮೇಷ್ಟ್ರು ಜಗಲಿಯ ಮೇಲೆ ಕೂತು ಕೇಳಿದಾಗ ಮನೆಯವರ ಹೆಸರನ್ನೆಲ್ಲ ಬಾಯಿತುಂಬ ಹೇಳಿದಳು, ಒಟ್ಟು ಎಷ್ಟು ಜನ ಎಂದದ್ದಕ್ಕೆ ಮಾತ್ರ ‘ಅದು ನಿನ್ನ ಕೆಲಸ, ನಿನ್ನ ಪಾಪ’ ಎಂದು ಒಳಗೆ ಎದ್ದುಹೋದಳು. ಇನ್ನು ರೇಷ್ಮೆ ಹುಳದ ವಿಷಯದಲ್ಲಂತೂ ಕೇಳುವುದೇ ಬೇಡ. ಚಿಕ್ಕವಳಿದ್ದಾಗ ನಾನು ಒಂದು ತಟ್ಟೆಯ ಅಂಚಿನಲ್ಲಿ ಹರಿದಾಡುತ್ತಿದ್ದ ಹುಳಗಳಿಗೆ ಬೆರಳು ತೋರಿಸಿ ಒಂದು, ಎರಡು ಎಂದು ಶುರುಮಾಡಿದ್ದೆ. ಅವ್ವ ಓಡಿಬಂದು ನನ್ನ ಬೆರಳನ್ನು ಹಿಡಿದು ಮಡಚಿ ಕೈಯೊಳಗೆ ಸೇರಿಸಿದಳು.

“ಲೆಕ್ಕ ಪೆಟ್ಟಕೂಡದಮ್ಮಾ. ಎಣಿಸಿದ್ರೆ ನಿಲ್ಲಲ್ಲ. ತಿನ್ನೋ ಬಾಯಿ, ಅದನ್ನ ಎಣಿಸ್ತಾರಾ ಯಾರಾದ್ರೂ?”

ಹುಳ ಮೇಯುವ ತಿಂಗಳಲ್ಲಿ ಮನೆ ನಮ್ಮದಾಗಿರುತ್ತಿರಲಿಲ್ಲ, ಹುಳದ್ದಾಗಿರುತ್ತಿತ್ತು. ನಡುಮನೆಯಲ್ಲಿ ಬಿದಿರಿನ ತಟ್ಟೆಗಳು ಒಂದರ ಮೇಲೊಂದು ಅಟ್ಟಣಿಗೆಗೆ ಏರಿದರೆ ನಾವು ಚಾಪೆ ಸುತ್ತಿಕೊಂಡು ಜಗಲಿಗೆ ಇಳಿಯುತ್ತಿದ್ದೆವು. ಒಗ್ಗರಣೆ ಬಂದ್. ಘಾಟು ಹುಳಕ್ಕೆ ಆಗದು ಎಂದು ಅಮ್ಮ ಬೇಳೆ ಬೇಯಿಸಿ, ಉಪ್ಪು ಹುಳಿ ಖಾರ ಹಾಕಿ, ಅಲ್ಲಿಗೆ ಮುಗಿಸುತ್ತಿದ್ದಳು. ಆ ಬೋಳು ಸಾರಿನಲ್ಲಿ ಮುದ್ದೆ ನುಂಗುತ್ತಾ ನಾವು ಮಕ್ಕಳು ಮೂತಿ ತಿರುಗಿಸಿದರೆ ಅವ್ವ ‘ನಿಮಗಿಂತ ಅವು ವಾಸಿ, ಹಾಕಿದ್ದನ್ನ ತಿಂತಾವೆ’ ಎನ್ನುತ್ತಿದ್ದಳು. ಹೊರಗಿನವರು ನಡುಮನೆಯ ಹೊಸಿಲು ದಾಟುವಂತಿಲ್ಲ. ಮುಟ್ಟಾದವರಿಗೆ ಕೊಟ್ಟಿಗೆಯ ಪಕ್ಕದ ಸೂರು. ಹುಳ ಪೊರೆ ಬಿಡಲು ಮೇವು ನಿಲ್ಲಿಸಿ ತಲೆ ಎತ್ತಿ ಕೂತರೆ ಅದಕ್ಕೆ ‘ಜ್ವರ’ ಎನ್ನುತ್ತಾರೆ. ಅಂಥ ನಾಲ್ಕು ಜ್ವರ ದಾಟಿದ ಹುಳ ಗೂಡು ಕಟ್ಟುವ ಮೊದಲು ಕೊನೆಯ ವಾರ ರಾಕ್ಷಸನ ಹಾಗೆ ತಿನ್ನುತ್ತದೆ. ನಮ್ಮ ಮನೆಯ ಜಗಳಗಳೆಲ್ಲ ಹುಟ್ಟುತ್ತಿದ್ದದ್ದು ಆ ವಾರದಲ್ಲೇ. ಎಷ್ಟು ಹುಳ ಇವೆ ಎಂದು ಯಾರಿಗೂ ಗೊತ್ತಿಲ್ಲ, ಹಾಗಾಗಿ ಎಷ್ಟು ಹಿಪ್ಪುನೇರಳೆ ಸೊಪ್ಪು ಬೇಕು ಎಂದೂ ಗೊತ್ತಿಲ್ಲ. ಅವ್ವನ ಕಣ್ಣಳತೆ ಒಂದು ಹೇಳುತ್ತಿತ್ತು, ತೋಟ ಇನ್ನೊಂದು ಹೇಳುತ್ತಿತ್ತು. ಕೊನೆಯ ಎರಡು ದಿನ ಅಪ್ಪ ಗೋಣಿ ಹೆಗಲಿಗೆ ಹಾಕಿಕೊಂಡು ಊರೂರು ಸೊಪ್ಪಿಗೆ ಅಲೆಯುತ್ತಿದ್ದ, ಅಮ್ಮನ ಮೇಲೆ ಕೂಗಾಡುತ್ತಿದ್ದ, ಅವ್ವನ ಮೇಲೆ ಕೂಗಾಡಲಾಗದೆ ನಾಯಿಯ ಮೇಲೆ ಕೂಗಾಡುತ್ತಿದ್ದ.

ಅಪ್ಪನ ಬಗ್ಗೆ ಹೇಳಬೇಕು. ಈಗಲೂ ಬರೆಯಲು ಕೂತರೆ ಕೈ ಬಿಗಿಯುತ್ತದೆ, ಆದರೂ ನ್ಯಾಯವಾಗಿ ಹೇಳುತ್ತೇನೆ: ಆ ಮನೆಯಲ್ಲಿ ನನ್ನ ಗೆಳೆಯ ಎಂದರೆ ಅಪ್ಪನೇ. ಹೈಸ್ಕೂಲಿನ ಮೆಟ್ಟಿಲು ಹತ್ತಿ ಅರ್ಧದಲ್ಲಿ ಇಳಿದುಬಂದವನು. ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ಊರಿನಲ್ಲಿ ಯಾವ ಹುಡುಗಿಯೂ ಮಾಡದಿದ್ದದ್ದನ್ನು ಮಾಡಿಸಿದ. ಶ್ರೀನಿವಾಸಪುರದ ಕಾಲೇಜಿಗೆ ಪಿಯುಸಿ ಸೈನ್ಸಿಗೆ ಸೇರಿಸಿದ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದೆ. ಬಂದವಳು ಕೈಕಾಲು ತೊಳೆದು ಹಿತ್ತಲಲ್ಲಿ ಅಪ್ಪನ ಎದುರು ಸೊಪ್ಪು ಕತ್ತರಿಸಲು ಕೂರಬೇಕು. ಅಲ್ಲಿ ದಿನವೂ ಅದೇ ಪ್ರಶ್ನೆ.

“ಇವತ್ತೇನು ಹೇಳ್ಕೊಟ್ರು?”

ನಾನು ಹೇಳಬೇಕು. ಅರ್ಥವಾದದ್ದನ್ನೂ ಹೇಳಬೇಕು, ಆಗದ್ದನ್ನೂ ಹೇಳಬೇಕು. ಅಪ್ಪ ಕತ್ತಿ ಆಡಿಸುತ್ತಲೇ ಕೇಳಿಸಿಕೊಳ್ಳುತ್ತಿದ್ದ. ‘ನೀನು ಓದು ರತ್ನಿ. ಪಿಯುಸಿ ಮುಗೀಲಿ, ಕೋಲಾರದಾಗೆ ಹಾಸ್ಟೆಲಿಗೆ ನಾನೇ ಬಿಟ್ಟು ಬರ್ತೀನಿ. ಡಿಗ್ರಿ ಮಾಡು’ ಎಂದು ಅವನು ಹೇಳಿದ್ದು ಒಂದು ಸಲ ಅಲ್ಲ. ನಾನು ಆ ಮಾತಿನ ಮೇಲೆ ಇಡೀ ಜೀವವನ್ನೇ ಇಟ್ಟಿದ್ದೆ. ಹಾಸ್ಟೆಲಿನ ಕೋಣೆಗೆ ಕಿಟಕಿ ಯಾವ ಕಡೆ ಇರುತ್ತದೆ ಎಂದು ಕೂಡ ಯೋಚಿಸಿ ಇಟ್ಟುಕೊಂಡಿದ್ದೆ.

ಅರ್ಥವಾಗದ್ದರಲ್ಲಿ ದೊಡ್ಡದು ಕೆಮಿಸ್ಟ್ರಿಯ ಮೋಲ್. ಕನ್ನಡದಲ್ಲಿ ಓದಿ ಬಂದವಳಿಗೆ ಇಂಗ್ಲಿಷಿನ ಪಾಠವೇ ಕಬ್ಬಿಣದ ಕಡಲೆ, ಅದರ ಮೇಲೆ ಇದು. ಹನ್ನೆರಡು ಗ್ರಾಂ ಇಂಗಾಲ ಒಂದು ಮೋಲ್ ಅಂತೆ, ಹದಿನೆಂಟು ಗ್ರಾಂ ನೀರೂ ಒಂದು ಮೋಲ್ ಅಂತೆ. ಗ್ರಾಂ ಎಂದ ಮೇಲೆ ತೂಕ ತಾನೇ? ಹಾಗಾದರೆ ಮೋಲ್ ಎನ್ನುವುದು ಸೇರು, ಕೇಜಿ ಇದ್ದ ಹಾಗೆ ಒಂದು ತೂಕ ಎಂದು ನಾನು ತೀರ್ಮಾನ ಮಾಡಿಕೊಂಡೆ. ಟೆಸ್ಟಿನಲ್ಲಿ ಹಾಗೇ ಬರೆದೆ, ಸೊನ್ನೆ ಬಂತು. ನಮ್ಮ ಲೆಕ್ಚರರು ಒಳ್ಳೆಯವರು, ಬೈಯಲಿಲ್ಲ. ಬೋರ್ಡಿನ ಮೇಲೆ ಆರು ಬರೆದು ಅದರ ಮುಂದೆ ಸಾಲುಗಟ್ಟಿ ಇಪ್ಪತ್ತಮೂರು ಅಂಕಿ ಬರೆದರು. ಸುಣ್ಣದ ಕಡ್ಡಿ ಅರ್ಧ ಸವೆಯಿತು. ಒಂದು ಮೋಲಿನಲ್ಲಿ ಇಷ್ಟು ಕಣಗಳು ಇರುತ್ತವೆ, ಅದು ಇಂಗಾಲವಾದರೂ ಅಷ್ಟೆ, ನೀರಾದರೂ ಅಷ್ಟೆ ಎಂದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಕೇಳಿಯೇಬಿಟ್ಟೆ.

“ಸಾರ್, ಇಷ್ಟೊಂದನ್ನ ಯಾರು ಎಣಿಸಿದ್ರು ಸಾರ್?”

ಹುಡುಗರೆಲ್ಲ ಗೊಳ್ಳೆಂದರು. ಲೆಕ್ಚರರು ಮಾತ್ರ ನಗಲಿಲ್ಲ.

“ಯಾರೂ ಎಣಿಸ್ಲಿಲ್ಲಮ್ಮ. ಎಣಿಸೋಕೆ ಆಗಲ್ಲ. ಅದಕ್ಕೇ ತೂಗ್ತಾರೆ.”

ಎಣಿಸುವುದಿಲ್ಲ ಎನ್ನುವ ಮಾತು ನನಗೆ ಹೊಸದಲ್ಲ, ನಮ್ಮ ಮನೆಯದೇ. ಅವ್ವನೂ ಈ ಸಾರೂ ಒಂದೇ ಪಕ್ಷ ಎಂದು ನಗು ಬಂತು. ಆದರೂ ಪೂರ್ತಿ ತಿಳಿದದ್ದು ಕ್ಲಾಸಿನಲ್ಲಲ್ಲ, ನಡುಮನೆಯಲ್ಲಿ. ಆ ಸಲದ ಹುಳ ಮೂರನೇ ಜ್ವರ ಮುಗಿಸಿ ಎದ್ದಿತ್ತು. ಹಾಸಿಗೆ ತೆಗೆದು, ಎಂದರೆ ಹಿಕ್ಕೆ ಮತ್ತು ಒಣಗಿದ ಸೊಪ್ಪನ್ನು ಎತ್ತಿ, ಹುಳಗಳನ್ನು ಹೊಸ ತಟ್ಟೆಗಳಿಗೆ ಹಂಚುತ್ತಿದ್ದೆ. ಮೊಟ್ಟೆ ಒಡೆದ ದಿನ ಇಡೀ ಬೆಳೆ ಎರಡು ತಟ್ಟೆಯಲ್ಲಿ ಮಸಿ ಚೆಲ್ಲಿದಂತೆ ಇತ್ತು, ಒಂದು ಹಕ್ಕಿಗರಿಯಲ್ಲಿ ಗುಡಿಸಿ ಎತ್ತಬಹುದಿತ್ತು. ಈಗ ತಟ್ಟೆ ಎತ್ತಿದರೆ ಸೊಂಟ ಹಿಡಿಯುತ್ತದೆ. ಹೊಸದಾಗಿ ಒಂದು ಹುಳವೂ ಬಂದು ಸೇರಿಲ್ಲ. ಅವೇ ಹುಳ, ಅಷ್ಟೇ ಹುಳ; ತೂಕ ಮಾತ್ರ ಬೇರೆ. ತಟ್ಟೆ ಹಿಡಿದುಕೊಂಡೇ ನಿಂತುಬಿಟ್ಟೆ. ಇಂಗಾಲ ಚಿಕ್ಕ ಹುಳ, ನೀರು ದೊಡ್ಡ ಹುಳ. ಎಣಿಕೆ ಒಂದೇ ಇದ್ದು ತೂಕ ಬೇರೆಯಾಗುವುದರಲ್ಲಿ ಮೋಸವೇನೂ ಇಲ್ಲ! ಹಿತ್ತಲಿಗೆ ಓಡಿದೆ.

“ಅಪ್ಪಾ, ಮೋಲ್ ಅಂದ್ರೆ ತೂಕ ಅಲ್ಲ ಕಣಪ್ಪ. ಎಣಿಕೆ. ಎಣಿಸೋಕೆ ಆಗಲ್ಲ ಅಂತ ತೂಗ್ತಾರೆ, ಅಷ್ಟೆ.”

“ಅಂದ್ರೆ ಎಣಿಸ್ದೇನೇ ಎಷ್ಟೈತೆ ಅಂತ ಹೇಳ್ಬೋದಾ?”

“ಒಂದರ ತೂಕ ಗೊತ್ತಿದ್ರೆ ಸಾಕು. ಒಂದು ಹಿಡಿ ಎಣಿಸಿ ತೂಗಿಬಿಟ್ರೆ ಉಳಿದಿದ್ದೆಲ್ಲ ಬರೀ ಭಾಗಾಕಾರ.”

ಅಪ್ಪನ ಕತ್ತಿ ನಿಂತಿತು. ಅವನ ತಲೆಯಲ್ಲಿ ಏನು ಓಡಿತೆಂದು ನನಗೆ ಆಗಲೇ ತಿಳಿಯಿತು, ಯಾಕೆಂದರೆ ನಾವಿಬ್ಬರೂ ಒಟ್ಟಿಗೇ ನಡುಮನೆಯ ಕಡೆ ನೋಡಿದೆವು. ಅವ್ವ ಏನಂತಾಳೋ ಎಂದು ನಾನೇ ಅಂದೆ. ಅಪ್ಪ ನಕ್ಕ.

“ಎಣಿಸೋದು ಒಂದು ಹಿಡಿ. ಮಿಕ್ಕಿದ್ದು ತೂಕ. ತೂಗಬೇಡಿ ಅಂತ ಅವ್ವ ಯಾವತ್ತಾದ್ರೂ ಹೇಳವ್ಳಾ? ನಾನಿದೀನಲ್ಲ, ನಿಂಗ್ಯಾಕೆ ಭಯ?”

ನಾಲ್ಕನೇ ಜ್ವರ ಎದ್ದ ದಿನ ಅವ್ವ ಬೈರಕೂರಿನ ತಂಗಿಯ ಮನೆಗೆ ಹೆಸರಿಡುವ ಶಾಸ್ತ್ರಕ್ಕೆ ಹೋಗಿದ್ದಳು. ಅಪ್ಪ ಗೌನಿಪಲ್ಲಿಯ ಅಂಗಡಿಯಿಂದ ಏಲಕ್ಕಿ ಲವಂಗ ತೂಗುವ ಚಿಕ್ಕ ತಕ್ಕಡಿ ತಂದ. ಮಧ್ಯಾಹ್ನದ ಬೆಳಕಿನಲ್ಲಿ ಹಳೆಯ ಪೇಪರು ಹಾಸಿ, ಹೊಟ್ಟೆ ಖಾಲಿ ಇದ್ದ ಹುಳಗಳನ್ನು ನೂರು ಎಣಿಸಿ ಇಟ್ಟೆ. ಜೀವಮಾನದಲ್ಲಿ ಮೊದಲ ಸಲ ತಡೆಯುವವರಿಲ್ಲದೆ ಹುಳ ಎಣಿಸಿದ್ದು. ಆ ನೂರನ್ನು ತೂಗಿದೆವು. ಆಮೇಲೆ ದೊಡ್ಡ ತಕ್ಕಡಿಯಲ್ಲಿ ಒಂದೊಂದೇ ತಟ್ಟೆ ಇಟ್ಟು, ಖಾಲಿ ತಟ್ಟೆಯ ತೂಕ ಕಳೆದು, ಭಾಗಿಸಿದೆ. ಒಟ್ಟು ಹುಳ ಇಷ್ಟು ಎಂದು ನಾನು ಹೇಳಿದಾಗ ಅಪ್ಪ ಆ ಸಂಖ್ಯೆಯನ್ನು ಮತ್ತೆ ಹೇಳಲಿಲ್ಲ, ಬಾಯಿಬಿಟ್ಟು ನಕ್ಕು ನನ್ನ ತಲೆ ಸವರಿದ. ನಮ್ಮ ತೋಟದ ಸೊಪ್ಪು ಕೊನೆಯ ಎರಡು ದಿನಕ್ಕೆ ಸಾಲುವುದಿಲ್ಲ ಎನ್ನುವುದು ಅಲ್ಲೇ ಗೊತ್ತಾಯಿತು. ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು ಎಷ್ಟು ಬೇಕಾಗುತ್ತವೆ ಎನ್ನುವುದೂ ಗೊತ್ತಾಯಿತು. ಮನೆಯಲ್ಲಿ ಜಗಳವೇ ಇಲ್ಲದ ಮೊದಲ ಕೊನೆವಾರ ಅದು. ಅಪ್ಪ ಎರಡು ದಿನ ಮೊದಲೇ ಹೋಗಿ ಪಕ್ಕದೂರಿನ ಮುನಿಯಪ್ಪನ ತೋಟದ ಸೊಪ್ಪು ಮಾತಾಡಿಕೊಂಡು ಬಂದ.

ಭಾನುವಾರ ಗಾಡಿ ಕಟ್ಟಿಕೊಂಡು ಸೊಪ್ಪು ತರಲು ಹೋದಾಗ ನಾನೂ ಜೊತೆಗಿದ್ದೆ. ತೋಟದ ಒಂದು ಬದಿಗೆ ಬೇರೆಯವರ ಟಮಾಟದ ಹೊಲ. ಮುನಿಯಪ್ಪ ಬದುವಿನ ಮೇಲೆ ನಿಂತು ನಮ್ಮಿಬ್ಬರಿಗೂ ಕೇಳಿಸುವಂತೆ ಹೇಳಿದ.

“ಅಣ್ಣೋ, ಈ ಕಡೆ ಸಾಲು ಮುಟ್ಬೇಡ. ನೆನ್ನೆ ಟಮಾಟಕ್ಕೆ ಎಣ್ಣೆ ಹೊಡ್ದವ್ರೆ. ಆ ಕಡೆಯಿಂದ ಕುಯ್ಕೊ.”

ಎಣ್ಣೆ ಎಂದರೆ ಕೀಟದ ಔಷಧ. ಅಪ್ಪ ತಲೆ ಆಡಿಸಿದ. ಮುನಿಯಪ್ಪ ಮನೆಗೆ ಹೋದ. ಆ ಕಡೆಯ ಸಾಲು ದೂರ, ಗಾಡಿ ಹೋಗಲು ದಾರಿಯಿಲ್ಲ, ಹೊರೆ ಹೊರಬೇಕು. ಈ ಕಡೆಯ ಸೊಪ್ಪು ಅಗಲವಾಗಿ, ಕೈಗೆ ಸಿಗುವಂತೆ ಇತ್ತು. ಅರ್ಧ ಗಾಡಿ ಆ ಕಡೆಯಿಂದ ತುಂಬಿ ಸುಸ್ತಾದ ಅಪ್ಪ ಉಳಿದರ್ಧವನ್ನು ಈ ಕಡೆಯಿಂದ ಕುಯ್ಯತೊಡಗಿದ. ನಾನು ಬೇಡ ಎಂದೆ.

“ಅಪ್ಪಾ, ಅವರು ಬೇಡ ಅಂದ್ರಲ್ಲ?”

“ನೆನ್ನೆ ಗಾಳಿ ಈ ಕಡೆಗಿರ್ಲಿಲ್ಲ. ದಾರೀಲಿ ಕಾಲುವೆ ನೀರಲ್ಲಿ ಅದ್ದಿ ಒದರಿದ್ರೆ ಮುಗೀತು. ಸುಮ್ನೆ ಕಟ್ಟಮ್ಮ ನೀನು.”

ಮನೆಗೆ ಬಂದಾಗ ಅಮ್ಮ ಒಂದು ಕಟ್ಟನ್ನು ಮೂಗಿಗೆ ಹಿಡಿದು ‘ಏನೋ ವಾಸನೆ’ ಎಂದಳು. ನಿನ್ನ ಮೂಗಿಗೆ ಎಲ್ಲಾ ವಾಸನೆಯೇ ಎಂದು ಅಪ್ಪ ಬಾಯಿ ಮುಚ್ಚಿಸಿದ. ಮಾರನೆಯ ದಿನ ನಾನು ಕಾಲೇಜಿನಿಂದ ಬರುವಷ್ಟರಲ್ಲಿ ನಡುಮನೆಯಲ್ಲಿ ಮೇಯುವ ಸದ್ದು ನಿಂತಿತ್ತು. ಹುಳಗಳು ತಲೆ ಎತ್ತಿ ಆಡಿಸುತ್ತಿದ್ದವು, ಹಸಿರು ನೀರು ಕಕ್ಕುತ್ತಿದ್ದವು, ತಟ್ಟೆಯ ಅಂಚಿನಿಂದ ಕೆಳಗೆ ಬೀಳುತ್ತಿದ್ದವು. ಹೊಳೆಯುತ್ತಿದ್ದ ಮೈ ಮುದುರಿ ಅರ್ಧವಾಗಿತ್ತು. ಅಮ್ಮ ಮೊರದಲ್ಲಿ ತುಂಬಿ ತುಂಬಿ ಹಿತ್ತಲ ಗುಂಡಿಗೆ ಸುರಿಯುತ್ತಿದ್ದಳು. ಅವ್ವ ನಡುಮನೆಯ ಹೊಸಿಲ ಮೇಲೆ ಕೂತಿದ್ದಳು. ನಾನು ಅವಳು ಅತ್ತದ್ದನ್ನು ನೋಡಿದ್ದು ಅದೇ ಮೊದಲು. ಅಳುತ್ತಲೇ ಅಪ್ಪನನ್ನು ಕೇಳಿದಳು.

“ಏಮಾಯೆರಾ? ಏನಾಯ್ತೋ? ಸೊಪ್ಪು ಎಲ್ಲಿಂದ ತಂದೆ? ನೋಡಿ ತಂದ್ಯಾ?”

ಅಪ್ಪ ಕಂಬಕ್ಕೆ ಒರಗಿ ನಿಂತಿದ್ದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಏನು ಹೇಳುತ್ತಾನೆ ಪಾಪ, ಅವ್ವ ಸುಮ್ಮನೆ ಬಿಡುವುದಿಲ್ಲ ಎಂದು ನನಗೆ ಅವನ ಮೇಲೆ ಕನಿಕರ ಬಂದಿತ್ತು. ಅವನು ನನ್ನ ಕಡೆ ನೋಡಲಿಲ್ಲ.

“ಸೊಪ್ಪು ಚೆನ್ನಾಗೇ ಇತ್ತು. ನೀನು ಬೈರಕೂರಿಗೆ ಹೋದಾಗ ನಿನ್ನ ಮೊಮ್ಮಗಳು ಹುಳ ಎಣಿಸಿದ್ಲು.”

ಅಮ್ಮ ಮೊರ ಕೆಳಗಿಟ್ಟು ‘ಸೊಪ್ಪಲ್ಲಿ ವಾಸನೆ ಬರ್ತಿತ್ತಲ್ಲ’ ಎಂದು ಶುರುಮಾಡಿದಳು. ‘ನೀನು ಒಳಗೋಗು’ ಎಂದು ಅಪ್ಪ ಗದರಿದ. ನಾನು ‘ಅಪ್ಪಾ’ ಎಂದೆ. ಅವನು ಹೆಗಲ ಮೇಲಿನ ಟವೆಲ್ಲನ್ನು ಕೊಡವಿಕೊಂಡು ಹಿತ್ತಲಿಗೆ ಹೋದ. ಅವ್ವ ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಚಿಕ್ಕಂದಿನಲ್ಲಿ ಮಡಚಿ ಹಿಡಿದಿದ್ದ ಅದೇ ಬೆರಳುಗಳನ್ನು ನೋಡುತ್ತಾ ‘ಓದು ಅಂತ ಕಳಿಸಿದ್ದು ಇದಕ್ಕಾ ತಾಯಿ?’ ಎಂದು ಮಾತ್ರ ಕೇಳಿದಳು. ನಾಳೆಯಿಂದ ಬಸ್ಸು ಹತ್ತುವುದು ಬೇಡ ಎಂದಳು. ಹಿತ್ತಲಲ್ಲಿದ್ದ ಅಪ್ಪನಿಗೆ ಆ ಮಾತು ಖಂಡಿತ ಕೇಳಿಸಿತು, ನಡುವೆ ಇದ್ದದ್ದು ಒಂದು ಮಣ್ಣಿನ ಗೋಡೆ. ಅವನು ಬರಲಿಲ್ಲ.

ಆ ವಾರವೆಲ್ಲ ಅಪ್ಪ ಒಂಟಿಯಾಗಿ ಸಿಗುತ್ತಾನೆ, ನನ್ನನ್ನು ಹತ್ತಿರ ಕೂರಿಸಿಕೊಂಡು ‘ಆ ಹೊತ್ತಿಗೆ ಏನೋ ಬಾಯಿಗೆ ಬಂತಮ್ಮ, ಅವ್ವ ತಣ್ಣಗಾಗಲಿ, ಕಳಿಸ್ತೀನಿ’ ಎನ್ನುತ್ತಾನೆ ಎಂದು ಕಾದೆ. ಬೆಳಗಿನ ಬಸ್ಸಿನ ಹಾರನ್ನು ಕೇಳಿದಾಗೆಲ್ಲ ಬಾಗಿಲಿಗೆ ಬರುತ್ತಿದ್ದೆ. ಅವನು ನನ್ನ ಎದುರು ಸೊಪ್ಪು ಕತ್ತರಿಸಲು ಕೂರುವುದನ್ನೇ ಬಿಟ್ಟ. ಊರಿಗೆಲ್ಲ ಸುದ್ದಿ ಹರಡಿ, ನೀರಿಗೆ ಹೋದರೆ ಹೆಂಗಸರು ‘ಹುಳ ಎಣಿಸಿದೋಳು ಇವಳೇನಾ’ ಎಂದು ಕೇಳುವಂತಾಯಿತು. ಒಬ್ಬಳಂತೂ ತನ್ನ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಆಗ ಅಳು ಬಂದಿರಲಿಲ್ಲ, ಮೈಯೆಲ್ಲ ಉರಿದಿತ್ತು.

ಒಂದು ರಜೆಯ ದಿನ ನಮ್ಮ ಕೆಮಿಸ್ಟ್ರಿ ಲೆಕ್ಚರರು ಬಸ್ಸಿಳಿದು ಮನೆ ಹುಡುಕಿಕೊಂಡು ಬಂದರು. ಮೋಲಿನ ಪಾಠದ ಮುಂದಿನ ಟೆಸ್ಟಿನಲ್ಲಿ ನನಗೇ ಹೆಚ್ಚು ನಂಬರು ಬಂದಿತ್ತಂತೆ, ಹುಡುಗಿ ಯಾಕೆ ಬರುತ್ತಿಲ್ಲ ಎಂದು ಕೇಳಲು ಬಂದಿದ್ದರು. ಜಗಲಿಯ ಮೇಲೆ ಚಾಪೆ ಹಾಕಿ ಕೂರಿಸಿದೆವು. ಅವ್ವ ಬಾಗಿಲ ಪಕ್ಕ ಕೂತಿದ್ದಳು. ನಾನು ಕಾಫಿಯ ಲೋಟ ಹಿಡಿದು ಬಂದೆ. ಅವರು ನನ್ನನ್ನು ನೋಡಿ ಅಪ್ಪನ ಕಡೆ ತಿರುಗಿದರು.

“ಚುರುಕಾದ ಹುಡುಗಿ. ಯಾಕೆ ನಿಲ್ಲಿಸಿದ್ರಿ?”

“ನಾವೆಲ್ಲಿ ನಿಲ್ಲಿಸಿದ್ವಿ ಸಾರ್? ಅವಳಿಗೇ ಮನಸಿಲ್ಲ. ಬೇಕಾದ್ರೆ ನೀವೇ ಕೇಳಿ.”

ಹಾಗೆಂದು ಅಪ್ಪ ಆ ಸೋಮವಾರದ ನಂತರ ಮೊದಲ ಸಲ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಆ ನೋಟವನ್ನು ನಾನು ಸಾಯುವತನಕ ಮರೆಯುವುದಿಲ್ಲ. ನನಗೆ ಮನಸ್ಸಿದೆ ಎಂದರೆ, ಮತ್ತೆ ಯಾಕೆ ಬಿಟ್ಟೆ ಎಂದು ಅವರು ಕೇಳುತ್ತಾರೆ. ಯಾಕೆ ಎಂದು ಹೇಳಲು ಹೊರಟರೆ ಟಮಾಟದ ಹೊಲದ ಎಣ್ಣೆ ಹೊರಗೆ ಬರುತ್ತದೆ, ಅದೂ ಅವ್ವನ ಎದುರಿಗೆ, ಹೊರಗಿನವರ ಎದುರಿಗೆ. ನಾನು ಅಪ್ಪನನ್ನು ಬಿಟ್ಟುಕೊಡುವುದಿಲ್ಲ ಎನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನೇ ನಂಬಿಕೊಂಡು ಕೇಳಿ ಎಂದಿದ್ದ. ನನ್ನ ಪ್ರೀತಿಯನ್ನೇ ಹಿಡಿದು ನನ್ನ ಕತ್ತು ಹಿಸುಕಿದ. ನಾನು ತಲೆ ತಗ್ಗಿಸಿ ಲೋಟವನ್ನು ಮುಂದಿಟ್ಟೆ. ಲೆಕ್ಚರರು ಕಾಫಿ ಕುಡಿದು ಮಧ್ಯಾಹ್ನದ ಬಸ್ಸಿಗೆ ಹೊರಟುಹೋದರು.

ಅವ್ವನ ಮೇಲೆ ನನಗೆ ಸಿಟ್ಟು ಬರಲಿಲ್ಲ, ಇವತ್ತಿಗೂ ಇಲ್ಲ. ಅವಳು ನಂಬಿದ್ದಳು. ತಾನು ನಂಬಿದ್ದಕ್ಕೆ ತಕ್ಕಂತೆ ಮಾಡಿದಳು. ಅಪ್ಪನ ವಿಷಯದಲ್ಲೂ ನಾನು ಹಾಗೇ ಸಮಾಧಾನ ಮಾಡಿಕೊಳ್ಳಲು ನೋಡಿದೆ. ಹುಟ್ಟಿದಾಗಿನಿಂದ ಅದೇ ಮನೆಯಲ್ಲಿ ಬೆಳೆದವನು, ತಟ್ಟೆಗಟ್ಟಲೆ ಹುಳ ಸತ್ತದ್ದನ್ನು ನೋಡಿದಾಗ ಅವ್ವ ಹೇಳಿದ್ದೇ ನಿಜವೇನೋ ಎಂದು ಅವನಿಗೂ ಒಂದು ಗಳಿಗೆ ಹೆದರಿಕೆ ಆಗಿರಬಹುದು; ಹೆದರಿಕೆಯಲ್ಲಿ ಆ ಮಾತು ಬಂದಿರಬಹುದು. ಹೆದರಿದವನನ್ನು ಕ್ಷಮಿಸಬಹುದು. ಹಾಗೆಂದುಕೊಂಡು ವರ್ಷ ಕಳೆದೆ. ನನ್ನ ಜೊತೆಯವರು ಎರಡನೇ ಪಿಯುಸಿ ಪರೀಕ್ಷೆಗೆ ಓದುತ್ತಿದ್ದರು, ನಾನು ಹುಳದ ಹಾಸಿಗೆ ತೆಗೆಯುತ್ತಿದ್ದೆ. ಮನೆಯಲ್ಲಿ ನನಗೆ ಗಂಡು ನೋಡುವ ಮಾತು ಶುರುವಾಗಿತ್ತು.

ಆ ಬೇಸಿಗೆಯ ಬೆಳೆ ನಾಲ್ಕನೇ ಜ್ವರ ಎದ್ದ ಮಧ್ಯಾಹ್ನ. ಅವ್ವ ಸೊಂಟದ ನೋವಿಗೆ ಔಷಧಿ ತರಲು ಅಮ್ಮನನ್ನು ಕರೆದುಕೊಂಡು ಮುಳಬಾಗಿಲಿಗೆ ಹೋಗಿದ್ದಳು. ನಾನು ನಡುಮನೆಯಲ್ಲಿ ಸೊಪ್ಪು ಕತ್ತರಿಸುತ್ತಿದ್ದೆ. ಅಪ್ಪ ಒಳಗೆ ಬಂದು ಬಾಗಿಲನ್ನು ಅರ್ಧ ಮುಂದಕ್ಕೆ ಎಳೆದ. ಟವೆಲ್ಲಿನಲ್ಲಿ ಏನೋ ಸುತ್ತಿಕೊಂಡಿದ್ದ. ಬಿಚ್ಚಿ ನನ್ನ ಮುಂದಿಟ್ಟ. ಅಂಗಡಿಯ ಚಿಕ್ಕ ತಕ್ಕಡಿ.

“ಅವ್ವ ಬರೋದು ಸಾಯಂಕಾಲ ಆಗ್ತೈತೆ. ಬೇಗ ಒಂದ್ಸಲ ತೂಗಿ ಲೆಕ್ಕ ಹೇಳ್ಬಿಡಮ್ಮ. ಈ ಸಲ ಸೊಪ್ಪು ಕಮ್ಮಿ ಐತೆ. ಹೋದ ಸಲ ನೀನು ಹೇಳಿದ್ದು ಸರಿಯಾಗೇ ಇತ್ತು.”

ಸರಿಯಾಗೇ ಇತ್ತು. ಎಷ್ಟು ಸಲೀಸಾಗಿ ಹೇಳಿದ! ಹೆದರಿಕೆ ಎನ್ನುವುದು ಅವನ ಹತ್ತಿರ ಆಗಲೂ ಇರಲಿಲ್ಲ, ಈಗಲೂ ಇರಲಿಲ್ಲ. ನಾನು ಕತ್ತಿಯಿಂದ ಕಣ್ಣೆತ್ತಲಿಲ್ಲ.

“ನಂಗೆ ಲೆಕ್ಕ ಬರಲ್ಲಪ್ಪ. ನಾನು ಓದಿಲ್ವಲ್ಲ.”

ಅಪ್ಪ ತಾನೇ ಒಂದು ಪೇಪರು ಹಾಸಿಕೊಂಡು ಕುಕ್ಕರಗಾಲಲ್ಲಿ ಕೂತ. ತಟ್ಟೆಯಿಂದ ಹುಳಗಳನ್ನು ಒಂದೊಂದಾಗಿ ಎತ್ತಿ ಪೇಪರಿನ ಮೇಲೆ ಇಡತೊಡಗಿದ. ಅವನ ತುಟಿಗಳು ಅಲ್ಲಾಡುತ್ತಿದ್ದವು. ನಡುವೆ ಲೆಕ್ಕ ತಪ್ಪಿ, ಎಲ್ಲವನ್ನೂ ತಟ್ಟೆಗೆ ಹಾಕಿ, ಮತ್ತೆ ಒಂದರಿಂದ ಶುರುಮಾಡಿದ.

ಆ ಸಲ ಗೂಡು ಚೆನ್ನಾಗಿ ಬಂತು.